ಜಾನ್ ಟಿಂಡಾಲ್: ಮನೆಯ ಗ್ಯಾಸಿನಲ್ಲಿ ಭೂಮಿಯ ಬಿಸಿಯ ಗುಟ್ಟು ಕಂಡವನು

ಬೆಳಿಗ್ಗೆ ಎದ್ದು ಗ್ಯಾಸ್ ಒಲೆ ಹಚ್ಚುತ್ತೀವಿ. ನೀಲಿ ಜ್ವಾಲೆ ಏಳುತ್ತೆ. ಹೊಗೆ ಇಲ್ಲ, ಮಸಿ ಇಲ್ಲ, ಬೂದಿ ಇಲ್ಲ. ಏನೂ ಹೊರಗೆ ಹೋಗ್ತಿಲ್ಲ ಅನ್ನಿಸೋದು ಸಹಜ. ಆದರೆ ಲೆಕ್ಕ ಬೇರೆಯೇ ಇದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. 1 ಕೆಜಿ ಮೀಥೇನ್ ಪೂರ್ತಿ ಉರಿದರೆ 2.75 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತೆ. ಸುಟ್ಟದ್ದಕ್ಕಿಂತ ಹೊರಬಂದದ್ದರ ತೂಕವೇ ಹೆಚ್ಚು, ಯಾಕಂದ್ರೆ ಉರಿಯುವಾಗ ಗಾಳಿಯ ಆಮ್ಲಜನಕವೂ ಅದಕ್ಕೆ ಸೇರಿಕೊಳ್ಳುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದು ಅಡುಗೆಮನೆಯ ಕಿಟಕಿ ದಾಟಿ ಆಕಾಶ ಸೇರಿದರೆ ನಮಗೆ ಗೊತ್ತೂ ಆಗಲ್ಲ.

ಇಂಥ ಕಾಣದ ಅನಿಲಗಳು ಬಿಸಿಯನ್ನು ತಡೆದು ಹಿಡಿಯುತ್ತವೆ ಎಂದು ಉಪಕರಣ ಇಟ್ಟು ಅಳೆದು ತೋರಿಸಿದವನು ಜಾನ್ ಟಿಂಡಾಲ್. ಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ನೆನಪಿರಬಹುದು. ಕತ್ತಲ ಕೋಣೆಗೆ ಬಿಸಿಲಕೋಲು ಬಿದ್ದಾಗ ದೂಳಿನ ಕಣಗಳು ಹೊಳೆಯುತ್ತವಲ್ಲ, ಅದೇ ಟಿಂಡಾಲ್ ಪರಿಣಾಮ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವು ಆತನನ್ನು ಮರೆತೆವು. ಆದರೆ ಇವತ್ತು ಹವಾಮಾನದ ಬಗ್ಗೆ ನಾವು ಆಡುವ ಪ್ರತಿ ಮಾತಿನ ಅಡಿಪಾಯದಲ್ಲಿ ಈತ 1859ರಲ್ಲಿ ಮಾಡಿದ ಪ್ರಯೋಗವಿದೆ. ಆ ಪ್ರಯೋಗದಲ್ಲಿ ಮೊದಲು ಸಿಕ್ಕಿಬಿದ್ದದ್ದು ಬೇರೆ ಯಾವುದೋ ಅಪರೂಪದ ವಸ್ತು ಅಲ್ಲ. ಲಂಡನ್ನಿನ ಮನೆ ಮನೆಗೆ ಪೈಪಿನಲ್ಲಿ ಹರಿಯುತ್ತಿದ್ದ ಗ್ಯಾಸು.

ಪ್ರತಿಭಟಿಸಿ ಕೆಲಸ ಕಳೆದುಕೊಂಡ ಹುಡುಗ

ಟಿಂಡಾಲ್ ಹುಟ್ಟಿದ್ದು 1820ರ ಸುಮಾರಿಗೆ, ಐರ್ಲೆಂಡಿನ ಕಾರ್ಲೋ ಜಿಲ್ಲೆಯ ಲೀಲಿನ್‌ಬ್ರಿಡ್ಜ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಪೊಲೀಸ್ ಕಾನ್‌ಸ್ಟೇಬಲ್. ಮನೆಯಲ್ಲಿ ದುಡ್ಡಿರಲಿಲ್ಲ, ಆದರೆ ಓದಿನ ಮೇಲೆ ಗೌರವವಿತ್ತು. ಕುಟುಂಬ ಕಟ್ಟಾ ಪ್ರಾಟೆಸ್ಟೆಂಟ್. ಆದರೂ ಮಗನನ್ನು ಒಬ್ಬ ಕ್ಯಾಥೊಲಿಕ್ ಮೇಷ್ಟ್ರ ಹತ್ತಿರ ಓದಲು ಬಿಟ್ಟರು, ಯಾಕಂದ್ರೆ ಅವರು ಗಣಿತ ಚೆನ್ನಾಗಿ ಹೇಳಿಕೊಡುತ್ತಿದ್ದರು. ಧರ್ಮದ ಹೆಸರಿನಲ್ಲಿ ಊರುಗಳೇ ಒಡೆದಿದ್ದ ಆ ಕಾಲದ ಐರ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ.

ಆ ಗಣಿತವೇ ಕೆಲಸ ಕೊಡಿಸಿತು. 1839ರಲ್ಲಿ ಐರ್ಲೆಂಡಿನ ಸರ್ಕಾರಿ ಸರ್ವೆ ಇಲಾಖೆಯಲ್ಲಿ ನಕಾಶೆ ಬರೆಯುವ ನೌಕರನಾಗಿ ಸೇರಿದ. 1842ರಲ್ಲಿ ಇಲಾಖೆ ಆತನನ್ನು ಇಂಗ್ಲೆಂಡಿನ ಪ್ರೆಸ್ಟನ್‌ಗೆ ಕಳಿಸಿತು. ಅದು ಹತ್ತಿ ಗಿರಣಿಗಳ ಊರು. ಅದೇ ವರ್ಷ ಆಗಸ್ಟ್‌ನಲ್ಲಿ ಕೂಲಿ ಕಡಿತದ ವಿರುದ್ಧ ಬೀದಿಗಿಳಿದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿ ನಾಲ್ವರು ಸತ್ತಿದ್ದರು. ಅಂಥ ಊರಿನಲ್ಲಿ, ಅಂಥ ಹೊತ್ತಿನಲ್ಲಿ, ಇಪ್ಪತ್ತರ ಹರೆಯದ ಟಿಂಡಾಲ್ ತನ್ನ ಇಲಾಖೆಯ ಒಳಗಿನ ಅನ್ಯಾಯವನ್ನು ನೋಡುತ್ತಿದ್ದ. ಐರ್ಲೆಂಡಿನಿಂದ ಬಂದ ಸಹಾಯಕರಿಗೆ ಸಂಬಳ ಕಡಿಮೆ, ಮರ್ಯಾದೆ ಇನ್ನೂ ಕಡಿಮೆ. ಆತ ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಪ್ರತಿಭಟಿಸಿದ, ಹೆಸರು ಮರೆಸಿ ಪತ್ರಿಕೆಗೆ ಕಾಗದಗಳನ್ನು ಬರೆದ. 1843ರಲ್ಲಿ ಕೆಲಸ ಹೋಯಿತು.

ಆಮೇಲೆ ಕೆಲ ವರ್ಷ ರೈಲುಹಾದಿಗಳ ಸರ್ವೆ. ಇಂಗ್ಲೆಂಡಿಗೆ ಆಗ ರೈಲಿನ ಹುಚ್ಚು ಹಿಡಿದಿತ್ತು. ಎಲ್ಲರೂ ರೈಲು ಕಂಪನಿಗಳ ಷೇರು ಕೊಳ್ಳುವವರೇ. ಆ ಗುಳ್ಳೆ ಒಡೆದಾಗ ಟಿಂಡಾಲ್ ಮೇಷ್ಟ್ರಾದ. 1847ರಲ್ಲಿ ಸೇರಿದ್ದು ಹ್ಯಾಂಪ್‌ಶೈರ್‌ನ ಕ್ವೀನ್‌ವುಡ್ ಕಾಲೇಜಿಗೆ. ಆ ಕಟ್ಟಡಕ್ಕೂ ಒಂದು ರಾಜಕೀಯ ಚರಿತ್ರೆ ಇದೆ. ಅದನ್ನು ಕಟ್ಟಿದ್ದವರು ಸಮಾಜವಾದಿ ರಾಬರ್ಟ್ ಓವೆನ್‌ನ ಅನುಯಾಯಿಗಳು. ಎಲ್ಲರೂ ಸಮಾನವಾಗಿ ದುಡಿದು ಬಾಳುವ ಸಮುದಾಯವನ್ನು ಅಲ್ಲಿ ಕಟ್ಟಲು ಹೋಗಿ ಸೋತಿದ್ದರು. ಆ ಕನಸು ಬಿದ್ದ ಜಾಗದಲ್ಲೇ ಟಿಂಡಾಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತ, ತಾನೂ ವಿಜ್ಞಾನ ಕಲಿತ.

ಬುನ್ಸೆನ್ ಶಿಷ್ಯ

1848ರಲ್ಲಿ, ಕೂಡಿಟ್ಟ ದುಡ್ಡು ತೆಗೆದುಕೊಂಡು, ಕ್ವೀನ್‌ವುಡ್‌ನ ಗೆಳೆಯ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಜೊತೆ ಟಿಂಡಾಲ್ ಜರ್ಮನಿಯ ಮಾರ್ಬುರ್ಗ್‌ಗೆ ಹೋದ. ಯುರೋಪಿನ ಉದ್ದಗಲಕ್ಕೂ ಕ್ರಾಂತಿಗಳು ಎದ್ದು ಬಿದ್ದ ವರ್ಷ ಅದು. ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ರಾಬರ್ಟ್ ಬುನ್ಸೆನ್‌ನ ರಸಾಯನಶಾಸ್ತ್ರದ ಪಾಠ ಕೇಳುತ್ತಾ ಕೇಳುತ್ತಾ ಜರ್ಮನ್ ಭಾಷೆಯೂ ಕಿವಿಗೆ ಹತ್ತಿತು. ಎರಡು ವರ್ಷಕ್ಕೆ ಡಾಕ್ಟರೇಟ್ ಮುಗಿಸಿದ.

ಬುನ್ಸೆನ್ ಅಂದ ಕೂಡಲೇ ನಮಗೆ ನೆನಪಾಗುವುದು ಲ್ಯಾಬಿನ ಬರ್ನರ್. ಅದು ಬಂದದ್ದು ಇನ್ನೂ ಕೆಲ ವರ್ಷದ ಮೇಲೆ, 1855ರ ಹೊತ್ತಿಗೆ, ಹೈಡೆಲ್‌ಬರ್ಗ್‌ನಲ್ಲಿ. ಉರಿಯುವ ಮೊದಲೇ ಅನಿಲಕ್ಕೆ ಗಾಳಿ ಬೆರೆಸಿದರೆ ಹಳದಿ ಹೊಗೆಜ್ವಾಲೆ ಹೋಗಿ ಬಿಸಿಯಾದ ನೀಲಿ ಜ್ವಾಲೆ ಬರುತ್ತೆ. ಇಷ್ಟೇ ಅದರ ಗುಟ್ಟು. ಇವತ್ತು ನಮ್ಮ ಅಡುಗೆಮನೆಯ ಒಲೆ ಉರಿಯುವುದೂ ಇದೇ ತತ್ವದ ಮೇಲೆ. ಅಂದರೆ ಗುರುವಿನ ಹೆಸರು ಅಂಟಿಕೊಂಡಿರುವುದು ಗ್ಯಾಸನ್ನು ಹೊಗೆಯಿಲ್ಲದೆ ಉರಿಸುವ ಉಪಕರಣಕ್ಕೆ. ಹೊಗೆ ಕಾಣದಿದ್ದರೂ ಲೆಕ್ಕ ಮುಗಿಯಲ್ಲ ಎಂದು ತೋರಿಸುವ ಪ್ರಯೋಗ ಶಿಷ್ಯನ ಪಾಲಿಗೆ ಬಂತು.

ಇಂಗ್ಲೆಂಡಿಗೆ ವಾಪಸ್ ಬಂದಾಗ ಕೆಲಸ ಇರಲಿಲ್ಲ. ಕೆನಡಾದ ಟೊರಾಂಟೋಗೂ ಅರ್ಜಿ ಹಾಕಿದ, ಸಿಗಲಿಲ್ಲ. ದೊಡ್ಡ ಮನೆತನದ ಹೆಸರಿಲ್ಲ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಪದವಿಯಿಲ್ಲ. ಆದರೆ ಮಾತಿತ್ತು. 1853ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುಕ್ರವಾರ ಸಂಜೆಯ ಒಂದು ಉಪನ್ಯಾಸ ಕೊಟ್ಟ. ಸಭೆ ಬೆರಗಾಯಿತು. ಅದೇ ವರ್ಷ ಅಲ್ಲೇ ಪ್ರಾಧ್ಯಾಪಕನಾದ. ಮೈಕೆಲ್ ಫ್ಯಾರಡೆ ಅಲ್ಲಿ ಹಿರಿಯ. ಕಮ್ಮಾರನ ಮಗ ಫ್ಯಾರಡೆ, ಕಾನ್‌ಸ್ಟೇಬಲ್ ಮಗ ಟಿಂಡಾಲ್. ಇಬ್ಬರೂ ಒಂದೇ ಸೂರಿನಡಿ ಕೆಲಸ ಮಾಡಿದರು.

1859ರ ಮೇ ತಿಂಗಳು

ಆ ಹೊತ್ತಿಗೆ ಲಂಡನ್‌ಗೆ ಗ್ಯಾಸ್ ಬಂದು ನಾಲ್ಕು ದಶಕ ದಾಟಿತ್ತು. ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ 1812ರಲ್ಲೇ ಸನ್ನದು ಸಿಕ್ಕಿತ್ತು. ಗಾಳಿ ಆಡದ ಭಟ್ಟಿಯಲ್ಲಿ ಕಲ್ಲಿದ್ದಲು ಕಾಯಿಸಿ, ಬಂದ ಅನಿಲವನ್ನು ಶುದ್ಧಮಾಡಿ, ನೆಲದಡಿಯ ಕೊಳವೆಗಳಲ್ಲಿ ಬೀದಿದೀಪಗಳಿಗೂ ಅಂಗಡಿಗಳಿಗೂ ಉಳ್ಳವರ ಮನೆಗಳಿಗೂ ಹರಿಸುತ್ತಿದ್ದರು. ಆ ಕಲ್ಲಿದ್ದಲ ಅನಿಲದಲ್ಲಿ ಸುಮಾರು ಅರ್ಧ ಹೈಡ್ರೋಜನ್, ಮೂರನೇ ಒಂದು ಭಾಗದಷ್ಟು ಮೀಥೇನ್, ಉಳಿದದ್ದರಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಮತ್ತು ಎಥಿಲೀನ್‌ನಂಥ ಅನಿಲಗಳು. ಪೈಪಿನ ಗ್ಯಾಸು, ಮೀಟರು, ತಿಂಗಳ ಬಿಲ್ಲು ಎಲ್ಲ ಶುರುವಾದದ್ದು ಹೀಗೆ.

ಟಿಂಡಾಲ್ ತಲೆಯಲ್ಲಿ ಇದ್ದದ್ದು ಬೇರೆ ಪ್ರಶ್ನೆ. ಭೂಮಿ ಯಾಕೆ ತಣ್ಣಗಾಗಿ ಹೆಪ್ಪುಗಟ್ಟಿಲ್ಲ? ಸೂರ್ಯನ ಬೆಳಕು ಗಾಳಿಯನ್ನು ದಾಟಿ ಬಂದು ನೆಲವನ್ನು ಕಾಯಿಸುತ್ತೆ. ಕಾದ ನೆಲ ಕಣ್ಣಿಗೆ ಕಾಣದ ಶಾಖವನ್ನು ವಾಪಸ್ ಆಕಾಶಕ್ಕೆ ಕಳಿಸುತ್ತೆ. ಆ ಶಾಖವನ್ನು ವಾತಾವರಣ ಸ್ವಲ್ಪ ತಡೆಯುತ್ತಿರಬೇಕು ಅಂತ ಫ್ರಾನ್ಸಿನ ಜೋಸೆಫ್ ಫೂರಿಯೇ 1820ರ ದಶಕದಲ್ಲೇ ಊಹಿಸಿದ್ದ. ಆದರೆ ಗಾಳಿಯಲ್ಲಿ ಇರುವ ಯಾವ ಅನಿಲ ತಡೆಯುತ್ತೆ? ಅಳೆದವರು ಇರಲಿಲ್ಲ. ಆಲ್ಪ್ಸ್ ಪರ್ವತಗಳನ್ನು ಹತ್ತಿ ಹಿಮನದಿಗಳನ್ನು ಅಧ್ಯಯನ ಮಾಡುತ್ತಿದ್ದ ಟಿಂಡಾಲ್‌ಗೆ ಈ ಪ್ರಶ್ನೆ ಬಿಡಲಿಲ್ಲ. ಒಂದು ಕಾಲದಲ್ಲಿ ಯುರೋಪನ್ನು ಹೊದ್ದಿದ್ದ ಹಿಮ ಯಾಕೆ ಬಂತು, ಯಾಕೆ ಕರಗಿತು?

ಉಪಕರಣವನ್ನು ಆತನೇ ಕಟ್ಟಿದ. ಸುಮಾರು 4 ಅಡಿ ಉದ್ದದ ಹಿತ್ತಾಳೆಯ ಕೊಳವೆ. ಎರಡೂ ತುದಿಗೆ ಗಾಜು ಹಾಕುವಂತಿಲ್ಲ, ಗಾಜೇ ಶಾಖವನ್ನು ತಡೆದುಬಿಡುತ್ತೆ. ಅದಕ್ಕೇ ಕಲ್ಲುಪ್ಪಿನ ಹರಳನ್ನು ತೆಳ್ಳಗೆ ಕೊಯ್ದು ನಯಮಾಡಿದ ಬಿಲ್ಲೆಗಳು. ಒಂದು ತುದಿಯಲ್ಲಿ ಕುದಿಯುವ ನೀರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ಥರ್ಮೋಪೈಲ್. ಎರಡು ಬೇರೆ ಲೋಹಗಳ ಬೆಸುಗೆಗೆ ಶಾಖ ತಾಗಿದರೆ ಸಣ್ಣ ವಿದ್ಯುತ್ ಹರಿಯುತ್ತೆ, ಆ ವಿದ್ಯುತ್ ಗ್ಯಾಲ್ವನೋಮೀಟರಿನ ಮುಳ್ಳನ್ನು ಅಲುಗಿಸುತ್ತೆ. ಥರ್ಮೋಪೈಲಿನ ಇನ್ನೊಂದು ಬದಿಗೂ ಅಷ್ಟೇ ಶಾಖ ಕೊಟ್ಟು ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ. ತಕ್ಕಡಿಯ ಎರಡೂ ತಟ್ಟೆ ಸಮ ಮಾಡಿದ ಹಾಗೆ. ಇನ್ನು ಕೊಳವೆಯೊಳಗೆ ಯಾವುದಾದರೂ ಅನಿಲ ಶಾಖವನ್ನು ಸ್ವಲ್ಪ ತಡೆದರೂ ಸಾಕು, ಮುಳ್ಳು ಹೇಳಿಬಿಡುತ್ತೆ.

ಮೊದಮೊದಲು ಮುಳ್ಳು ಅಲುಗಲೇ ಇಲ್ಲ. ಒಣಗಿಸಿ ಶುದ್ಧ ಮಾಡಿದ ಗಾಳಿ ಶಾಖಕ್ಕೆ ಅಡ್ಡ ಬರಲಿಲ್ಲ. ಗಾಳಿಯ ಬಹುಪಾಲು ಇರುವ ಸಾರಜನಕ, ಆಮ್ಲಜನಕ ಎರಡೂ ಶಾಖವನ್ನು ಸಲೀಸಾಗಿ ಬಿಟ್ಟುಕೊಡುತ್ತಿದ್ದವು. ಅನಿಲ ಶಾಖವನ್ನು ತಡೆಯುತ್ತೆ ಅನ್ನೋ ಮಾತೇ ಸುಳ್ಳಾ ಅನ್ನಿಸುವ ಹೊತ್ತು. ಆಗ ಆತ ಕೈಗೆ ಸುಲಭವಾಗಿ ಸಿಗುತ್ತಿದ್ದ ಕಲ್ಲಿದ್ದಲ ಅನಿಲವನ್ನು, ಅಂದರೆ ಊರಿನ ದೀಪಗಳಲ್ಲಿ ಉರಿಯುತ್ತಿದ್ದ ಗ್ಯಾಸನ್ನೇ, ಕೊಳವೆಗೆ ತುಂಬಿದ. ಮುಳ್ಳು ಜೋರಾಗಿ ತಿರುಗಿತು. ಕಣ್ಣಿಗೆ ಗಾಳಿಯಷ್ಟೇ ತಿಳಿಯಾಗಿ ಕಾಣುವ ಗ್ಯಾಸು ಶಾಖದ ಪಾಲಿಗೆ ಗೋಡೆಯಂತಿತ್ತು.

ಮೇ ತಿಂಗಳ ಕೊನೆಯ ವಾರದಲ್ಲಿ ರಾಯಲ್ ಸೊಸೈಟಿಗೆ ಟಿಪ್ಪಣಿ ಹೋಯಿತು. ಜೂನ್ 10ರಂದು ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ ಅಧ್ಯಕ್ಷತೆಯ ಸಭೆಯಲ್ಲಿ ಟಿಂಡಾಲ್ ಈ ಪ್ರಯೋಗವನ್ನು ಎಲ್ಲರೆದುರು ಮಾಡಿ ತೋರಿಸಿದ. ಮುಂದಿನ ಎರಡು ವರ್ಷ ಒಂದೊಂದೇ ಅನಿಲವನ್ನು ಅಳೆದ. ಮೀಥೇನ್, ಆಗಿನ ಹೆಸರಲ್ಲಿ ಜೌಗಿನ ಅನಿಲ, ಶಾಖವನ್ನು ಹೀರುತ್ತಿತ್ತು. ಇಂಗಾಲದ ಡೈಆಕ್ಸೈಡ್ ಹೀರುತ್ತಿತ್ತು. ನೀರಾವಿ ಹೀರುತ್ತಿತ್ತು. 1861ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯ ಪ್ರತಿಷ್ಠಿತ ಬೇಕೇರಿಯನ್ ಉಪನ್ಯಾಸದಲ್ಲಿ ಎಲ್ಲವನ್ನೂ ಮುಂದಿಟ್ಟ. ಗಾಳಿಯಲ್ಲಿ ಅಲ್ಪಪ್ರಮಾಣದಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಏರುಪೇರಾದರೆ ಭೂಮಿಯ ಹವಾಮಾನವೇ ಬದಲಾಗಬಹುದು, ಹಿಮಯುಗಗಳಿಗೆ ಇದೇ ಕಾರಣ ಇರಬಹುದು ಎಂದು ಹೇಳಿದ. ಹರಿಯುವ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದರೆ ಹಿಂದೆ ನೀರು ಏರುವ ಹಾಗೆ, ಈ ಅನಿಲಗಳು ನೆಲದ ಹತ್ತಿರ ಬಿಸಿಯನ್ನು ಏರಿಸುತ್ತವೆ ಎಂಬುದು ಆತ ಕೊಟ್ಟ ಹೋಲಿಕೆ.

ಮನೆಯ ಗ್ಯಾಸಿನ ಕತೆಗೆ ಇದರ ಅರ್ಥ ಇಷ್ಟು. ಉರಿಯದೆ ಸೋರಿದರೆ ಮೀಥೇನ್, ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ. ಮೂರೂ ಟಿಂಡಾಲ್‌ನ ಮುಳ್ಳನ್ನು ಅಲುಗಿಸಿದ್ದವು. ಇದರಲ್ಲಿ ನೀರಾವಿ ಮಳೆಯಾಗಿ ಬೇಗ ಇಳಿದುಬಿಡುತ್ತೆ. ಮೀಥೇನ್ ಸುಮಾರು ಒಂದು ದಶಕ ಇರುತ್ತೆ. ಇಂಗಾಲದ ಡೈಆಕ್ಸೈಡ್‌ನ ಒಂದು ದೊಡ್ಡ ಪಾಲು ಶತಮಾನಗಳ ಕಾಲ ಗಾಳಿಯಲ್ಲೇ ಉಳಿಯುತ್ತೆ.

ಮೂರು ವರ್ಷ ಮೊದಲೇ ಹೇಳಿದ ಹೆಣ್ಣು

ಇಲ್ಲಿ ಒಂದು ಹೆಸರನ್ನು ಸೇರಿಸದಿದ್ದರೆ ಕತೆ ಅರ್ಧವಾಗುತ್ತೆ. ಅಮೆರಿಕದ ಯೂನಿಸ್ ಫೂಟ್. 1848ರಲ್ಲಿ ಸೆನೆಕಾ ಫಾಲ್ಸ್‌ನ ಮಹಿಳಾ ಹಕ್ಕುಗಳ ಸಮಾವೇಶದ ಘೋಷಣೆಗೆ ಸಹಿ ಹಾಕಿದವರಲ್ಲಿ ಈಕೆಯೂ ಒಬ್ಬಳು. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ಇರುವ ಕೊಳವೆ ಹೆಚ್ಚು ಬಿಸಿಯಾಗುವುದನ್ನು ಈಕೆ ಕಂಡಳು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿ ಬಿಸಿಯಾಗಿರುತ್ತಿತ್ತು ಎಂದೂ ಬರೆದಳು. ಇದು 1856ರಲ್ಲಿ. ಆಲ್ಬನಿಯಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಆಕೆಯ ಪ್ರಬಂಧವನ್ನು ಓದಿದ್ದು ಜೋಸೆಫ್ ಹೆನ್ರಿ ಎಂಬ ಗಂಡಸು.

ನೆಲದಿಂದ ಮೇಲೇಳುವ ಕಾಣದ ಶಾಖವನ್ನು ಬಿಸಿಲಿನಿಂದ ಬೇರ್ಪಡಿಸಿ ಅಳೆಯುವ ಉಪಕರಣ ಫೂಟ್ ಬಳಿ ಇರಲಿಲ್ಲ, ಟಿಂಡಾಲ್ ಬಳಿ ಇತ್ತು. ಆ ಭಾಗದ ಶ್ರೇಯಸ್ಸು ಆತನದ್ದೇ. ಆದರೆ ಟಿಂಡಾಲ್ ಪ್ರಬಂಧದಲ್ಲಿ ಆಕೆಯ ಹೆಸರಿಲ್ಲ. ಆಕೆಯ ಕೆಲಸ ಆತನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ ಅನ್ನುವುದು ಇತಿಹಾಸಕಾರರ ನಡುವೆ ಚರ್ಚೆಯಲ್ಲಿದೆ. ಬೀಳದಿದ್ದರೂ ಅದು ಆ ಕಾಲದ ವಿಜ್ಞಾನದ ಬಾಗಿಲು ಯಾರಿಗೆ ತೆರೆದಿತ್ತು ಅನ್ನುವುದಕ್ಕೆ ಸಾಕ್ಷಿ.

ಅನಿಲ ಕಂಡವನಿಗೆ ಕಾಣದ ಜನ

ಟಿಂಡಾಲ್ ಆಮೇಲೆ ದೊಡ್ಡ ಹೆಸರಾದ. 1861ರಲ್ಲಿ ಆಲ್ಪ್ಸ್‌ನ ವೈಸ್‌ಹಾರ್ನ್ ಶಿಖರವನ್ನು ಮೊದಲು ಏರಿದ ತಂಡದಲ್ಲಿದ್ದ. 1872-73ರಲ್ಲಿ ಅಮೆರಿಕದಲ್ಲಿ ಊರೂರು ತಿರುಗಿ ಉಪನ್ಯಾಸ ಕೊಟ್ಟು, ಬಂದ ಲಾಭವನ್ನೆಲ್ಲ ಅಲ್ಲಿನ ವಿಜ್ಞಾನದ ವಿದ್ಯಾರ್ಥಿಗಳಿಗೇ ಬಿಟ್ಟುಬಂದ. 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಿಂತು, ವಿಶ್ವದ ಹುಟ್ಟಿನ ಪ್ರಶ್ನೆಯಲ್ಲಿ ಧರ್ಮಗುರುಗಳಿಗೆ ಅಧಿಕಾರವಿಲ್ಲ, ಅದು ವಿಜ್ಞಾನದ ಜಾಗ ಎಂದು ಸಾರಿದಾಗ ಚರ್ಚುಗಳು ಕೆಂಡಕಾರಿದವು. ಬೆಂಕಿ ಆರಿಸುವವರು ಹೊಗೆಯಲ್ಲಿ ಉಸಿರಾಡಲು ಒಂದು ಮುಖವಾಡವನ್ನೂ ರೂಪಿಸಿದ.

ಗ್ಯಾಸಿನ ನಂಟೂ ಬಿಡಲಿಲ್ಲ. ಬ್ರಿಟನ್ನಿನ ದೀಪಸ್ತಂಭಗಳ ಆಡಳಿತಕ್ಕೆ ಆತ ವೈಜ್ಞಾನಿಕ ಸಲಹೆಗಾರನಾಗಿದ್ದ. ಡಬ್ಲಿನ್‌ನ ಜಾನ್ ವಿಗಮ್ ಎಣ್ಣೆದೀಪದ ಬದಲು ಗ್ಯಾಸ್‌ದೀಪ ಉರಿಸುವ ವಿಧಾನ ತಂದಿದ್ದ. ಸರ್ಕಾರಿ ವ್ಯವಸ್ಥೆ ವಿಗಮ್‌ನನ್ನು ನ್ಯಾಯವಾಗಿ ನಡೆಸಿಕೊಳ್ಳುತ್ತಿಲ್ಲ ಎಂದು ಟಿಂಡಾಲ್ ವರ್ಷಗಟ್ಟಲೆ ಜಗಳ ಆಡಿ, ಕೊನೆಗೆ 1883ರಲ್ಲಿ ರಾಜೀನಾಮೆ ಬಿಸಾಕಿದ. ನಲವತ್ತು ವರ್ಷದ ಹಿಂದೆ ಪ್ರೆಸ್ಟನ್‌ನಲ್ಲಿ ಕೆಲಸ ಕಳೆದುಕೊಂಡಿದ್ದ ಹುಡುಗ ಇನ್ನೂ ಒಳಗೆ ಇದ್ದ.

ಆದರೆ ಅವನು ಎಲ್ಲ ಕಡೆ ಇರಲಿಲ್ಲ. 1865ರಲ್ಲಿ ಬ್ರಿಟಿಷ್ ವಸಾಹತು ಜಮೈಕಾದ ಮೊರಾಂಟ್ ಬೇಯಲ್ಲಿ ಕಪ್ಪು ಜನ ಬಂಡೆದ್ದಾಗ ಗವರ್ನರ್ ಎಡ್ವರ್ಡ್ ಐರ್ ನೂರಾರು ಜನರನ್ನು ಕೊಲ್ಲಿಸಿದ. ಬ್ರಿಟನ್ನಿನ ಬುದ್ಧಿಜೀವಿಗಳು ಎರಡಾಗಿ ಒಡೆದರು. ಐರ್‌ನನ್ನು ಶಿಕ್ಷಿಸಬೇಕು ಎಂದವರಲ್ಲಿ ಜಾನ್ ಸ್ಟುವರ್ಟ್ ಮಿಲ್, ಚಾರ್ಲ್ಸ್ ಡಾರ್ವಿನ್, ಟಿಂಡಾಲ್‌ನ ಆಪ್ತ ಗೆಳೆಯ ಥಾಮಸ್ ಹಕ್ಸ್‌ಲಿ ಇದ್ದರು. ಟಿಂಡಾಲ್ ನಿಂತದ್ದು ಥಾಮಸ್ ಕಾರ್ಲೈಲ್ ಜೊತೆ, ಐರ್‌ನ ಪರವಾಗಿ. 1886ರಲ್ಲಿ ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ಪ್ರಶ್ನೆ ಬಂದಾಗ ಈ ಐರಿಶ್ ಕಾನ್‌ಸ್ಟೇಬಲ್ ಮಗ ಅದನ್ನು ಕಟುವಾಗಿ ವಿರೋಧಿಸಿದ.

ಇದನ್ನು ಆತನ ಮೇಲೆ ಕಲ್ಲು ಹೊಡೆಯಲು ಹೇಳ್ತಿಲ್ಲ. ಒಂದು ಪ್ರಯೋಗ ಸರಿಯಾಗಿ ಮಾಡಿದವನು ಎಲ್ಲ ಪ್ರಶ್ನೆಯಲ್ಲೂ ಸರಿಯಾಗಿರಬೇಕು ಅಂತೇನಿಲ್ಲ. ಮುಖ್ಯ ಮಾತು ಇನ್ನೊಂದಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹವಾಮಾನ ಬದಲಾಗುತ್ತೆ ಎಂದು ಹೇಳಿದ ಟಿಂಡಾಲ್, ಲಂಡನ್ನಿನ ಚಿಮಣಿಗಳು ಮತ್ತು ಗ್ಯಾಸ್‌ದೀಪಗಳು ಅದನ್ನೇ ಹೆಚ್ಚಿಸುತ್ತಿವೆ ಎಂಬ ಮುಂದಿನ ಹೆಜ್ಜೆ ಇಡಲಿಲ್ಲ. ಆತನ ಕಣ್ಣು ಹಿಂದಿನ ಹಿಮಯುಗಗಳ ಮೇಲಿತ್ತು. ಆಗ ಗಾಳಿಯ 10 ಸಾವಿರ ಭಾಗದಲ್ಲಿ ಈ ಅನಿಲ 3 ಭಾಗವೂ ಇರಲಿಲ್ಲ. ಮನುಷ್ಯ ಅದನ್ನು ಬದಲಾಯಿಸಬಲ್ಲ ಎಂದು ಯಾರಿಗೆ ತಾನೇ ಅನ್ನಿಸೀತು?

ತಪ್ಪಿದ ಒಂದು ಗುಟುಕು

1876ರಲ್ಲಿ ಟಿಂಡಾಲ್ ಶ್ರೀಮಂತ ಮನೆತನದ ಲೂಯಿಸಾ ಹ್ಯಾಮಿಲ್ಟನ್‌ಳನ್ನು ಮದುವೆಯಾದ. ಆಕೆ ಆತನಿಗಿಂತ ಬಹಳ ಚಿಕ್ಕವಳು, ಆದರೆ ಕೆಲಸದಲ್ಲೂ ಪರ್ವತದಲ್ಲೂ ಜೊತೆಗಾತಿ. ಕೊನೆಯ ವರ್ಷಗಳಲ್ಲಿ ಟಿಂಡಾಲ್‌ಗೆ ನಿದ್ದೆಯೇ ಬರುತ್ತಿರಲಿಲ್ಲ. ಹೊಟ್ಟೆಗೆ ಮೆಗ್ನೀಷಿಯಾ, ನಿದ್ದೆಗೆ ಕ್ಲೋರಲ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದ. 1893ರ ಡಿಸೆಂಬರ್ 4ರ ಬೆಳಿಗ್ಗೆ ಲೂಯಿಸಾ ಮೆಗ್ನೀಷಿಯಾ ಅಂದುಕೊಂಡು ಕ್ಲೋರಲ್ ಕುಡಿಸಿಬಿಟ್ಟಳು. ಇಬ್ಬರಿಗೂ ತಕ್ಷಣವೇ ಗೊತ್ತಾಯಿತು. ಸಂಜೆಯ ಹೊತ್ತಿಗೆ ಆತ ತೀರಿಕೊಂಡ. ವಿಚಾರಣೆ ಅದನ್ನು ಆಕಸ್ಮಿಕ ಎಂದಿತು. ಲೂಯಿಸಾ ಇನ್ನೂ 47 ವರ್ಷ ಬದುಕಿದಳು. ಗಂಡನ ಜೀವನಚರಿತ್ರೆ ಬರೆಯಬೇಕೆಂದು ಕಾಗದಪತ್ರಗಳನ್ನೆಲ್ಲ ಕೂಡಿಸುತ್ತಾ ಹೋದಳು, ಮುಗಿಸಲು ಆಗಲಿಲ್ಲ. ಆ ಪುಸ್ತಕ ಬೇರೆಯವರ ಕೈಯಲ್ಲಿ ಮುಗಿದು ಹೊರಬಂದದ್ದು 1945ರಲ್ಲಿ, ಆಕೆ ಸತ್ತ ಮೇಲೆ.

ಟಿಂಡಾಲ್ ಸತ್ತ ಮೂರು ವರ್ಷಕ್ಕೆ, 1896ರಲ್ಲಿ, ಸ್ವೀಡನ್ನಿನ ಸ್ವಾಂತೆ ಅರೇನಿಯಸ್ ಆ ಮುಂದಿನ ಹೆಜ್ಜೆ ಇಟ್ಟ. ಗಾಳಿಯ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಎಂದು ಕೈಯಲ್ಲೇ ಲೆಕ್ಕ ಹಾಕಿದ. 1938ರಲ್ಲಿ ಇಂಗ್ಲೆಂಡಿನ ಗೈ ಕ್ಯಾಲೆಂಡರ್, ಬಿಸಿಯಾಗುವುದು ಶುರುವಾಗಿದೆ ಎಂದು ತಾಪಮಾನದ ದಾಖಲೆಗಳಿಂದ ತೋರಿಸಿದ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದ. ಆತ ಬಳಸಿದ ಯಂತ್ರ ಕೆಲಸ ಮಾಡುತ್ತಿದ್ದದ್ದು ಟಿಂಡಾಲ್‌ನ ಹಿತ್ತಾಳೆ ಕೊಳವೆಯ ತತ್ವದ ಮೇಲೆಯೇ. ಶಾಖದ ಕಿರಣ ಎಷ್ಟು ತಡೆಯಿತೋ ಅಷ್ಟು ಅನಿಲ. ಆಗ 10 ಲಕ್ಷ ಭಾಗಕ್ಕೆ ಸುಮಾರು 315 ಇತ್ತು. ಈಗ 420 ದಾಟಿದೆ.

ಅದೇ ಪೈಪು, ಹೊಸ ಗ್ಯಾಸು

ಗ್ಯಾಸು ಮಾತ್ರ ನಿಲ್ಲಲಿಲ್ಲ. ಟಿಂಡಾಲ್ ತೀರಿಕೊಂಡ ದಶಕದಲ್ಲೇ ನಾಣ್ಯ ಹಾಕಿ ಗ್ಯಾಸ್ ಪಡೆಯುವ ಮೀಟರುಗಳು ಬ್ರಿಟನ್ನಿನ ಕಾರ್ಮಿಕರ ಮನೆಗಳಿಗೂ ಬಂದವು, ಜೊತೆಗೆ ಗ್ಯಾಸ್ ಒಲೆಗಳು. 1965ರಲ್ಲಿ ಬ್ರಿಟನ್ನಿನ ಪಾಲಿನ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. 1967ರಿಂದ 1977ರವರೆಗೆ ಹತ್ತು ವರ್ಷ, ಊರಿಂದ ಊರಿಗೆ, ಸುಮಾರು 1.3 ಕೋಟಿ ಗ್ರಾಹಕರ ಮನೆಗೆ ಹೋಗಿ ಒಲೆ, ಹೀಟರುಗಳ ಬರ್ನರ್ ಬದಲಾಯಿಸಿದರು. ಕಲ್ಲಿದ್ದಲ ಅನಿಲದ ಕಾಲ ಮುಗಿದು ಮೀಥೇನ್ ಕಾಲ ಬಂತು. ಒಂದು ದೇಶ ಮನಸ್ಸು ಮಾಡಿದರೆ ಹತ್ತೇ ವರ್ಷದಲ್ಲಿ ಪ್ರತಿ ಮನೆಯ ಒಲೆಯನ್ನೂ ಬದಲಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಲಾಭವೂ ಆಯಿತು, ಅದನ್ನು ಮರೆಮಾಚಬಾರದು. ಅಷ್ಟೇ ಶಾಖಕ್ಕೆ ಕಲ್ಲಿದ್ದಲಿಗೆ ಹೋಲಿಸಿದರೆ ನೈಸರ್ಗಿಕ ಅನಿಲ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು ಅರ್ಧ. ಲಂಡನ್ನಿನ ಕಪ್ಪುಹೊಗೆ ಹೋಯಿತು. ಆದರೆ ಹೊಗೆ ಹೋದ ಮೇಲೆ ಪ್ರಶ್ನೆಯೂ ಹೋಯಿತು. ನೈಸರ್ಗಿಕ ಅನ್ನೋ ಹೆಸರೇ ನೋಡಿ. ಕೇಳಿದರೆ ಗಾಣದ ಎಣ್ಣೆ, ಆಲೆಮನೆಯ ಬೆಲ್ಲ ನೆನಪಾಗುತ್ತೆ. ಬ್ರಿಟನ್ನಿನಲ್ಲಿ ಗ್ಯಾಸಿನಿಂದ ಮನೆ, ನೀರು ಎರಡನ್ನೂ ಬಿಸಿಮಾಡುವ ಒಂದು ಸಾಧಾರಣ ಕುಟುಂಬ ವರ್ಷಕ್ಕೆ ಹೊರಬಿಡುವುದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಂಥ ಮನೆಗಳು 2 ಕೋಟಿಗೂ ಹೆಚ್ಚು.

ಸೋರಿಕೆಯ ಲೆಕ್ಕ ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದ 53 ಮನೆಗಳ ಒಲೆಗಳನ್ನು ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದರು. ಒಲೆಯಿಂದ ಹೊರಬರುವ ಮೀಥೇನ್‌ನ ಮುಕ್ಕಾಲು ಪಾಲಿಗೂ ಹೆಚ್ಚು ಸೋರುತ್ತಿದ್ದದ್ದು ಒಲೆ ಆರಿದ್ದಾಗ. 20 ವರ್ಷದ ಅವಧಿಗೆ ಲೆಕ್ಕ ಹಾಕಿದರೆ, ತೂಕಕ್ಕೆ ತೂಕ, ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತೆ.

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಪೈಪ್ ಗ್ಯಾಸ್ ಬಂದಿದೆ. ಉಳಿದವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಸಿಲಿಂಡರ್. ಅದು ನೈಸರ್ಗಿಕ ಅನಿಲ ಅಲ್ಲ, ಪ್ರೊಪೇನ್ ಮತ್ತು ಬ್ಯೂಟೇನ್. 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಾಗ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿರುತ್ತೆ. ವರ್ಷಕ್ಕೆ 8 ಸಿಲಿಂಡರ್ ಬಳಸುವ ಮನೆ ಅಂದುಕೊಂಡರೂ ಒಟ್ಟು 340 ಕೆಜಿ. ಬ್ರಿಟನ್ನಿನ ಆ ಮನೆಯ ಆರನೇ ಒಂದು ಭಾಗ. ಅಷ್ಟೇ ಅಲ್ಲ, ಆ ಮನೆ ಬರೀ ಗ್ಯಾಸಿನಿಂದ ಹೊರಬಿಡುವ 2 ಟನ್, ಒಬ್ಬ ಭಾರತೀಯನ ಪಾಲಿಗೆ ಕರೆಂಟು, ಬಸ್ಸು, ಕಾರ್ಖಾನೆ ಎಲ್ಲ ಸೇರಿ ವರ್ಷಕ್ಕೆ ಬರುವ ಸರಾಸರಿಗೆ ಹತ್ತಿರಹತ್ತಿರ ಸಮ. ಸೌದೆ ಹೊಗೆಯಲ್ಲಿ ಕೆಮ್ಮುತ್ತ ಅಡುಗೆ ಮಾಡುವ ಹೆಣ್ಣುಮಗಳಿಗೆ ಗ್ಯಾಸು ಬಿಡುಗಡೆ. ಆಕೆಯ ಒಲೆಯನ್ನು ತೋರಿಸಿ ಹವಾಮಾನದ ಪಾಠ ಹೇಳುವವರಿಗೆ ನಾಚಿಕೆ ಇರಬೇಕು. ಹಾಗಂತ ನಮ್ಮ ಊರುಗಳು ಇವತ್ತು ಹೂಳುವ ಪೈಪು ಮುಂದಿನ ಹಲವು ದಶಕ ಇದೇ ಅನಿಲವನ್ನು ಉರಿಸಲು ನಮ್ಮನ್ನು ಕಟ್ಟಿಹಾಕುತ್ತೆ ಅನ್ನುವುದನ್ನೂ ಕೇಳದೆ ಇರುವಂತಿಲ್ಲ. ಸೌದೆಯಿಂದ ಗ್ಯಾಸಿಗೆ, ಗ್ಯಾಸಿನಿಂದ ಬಿಸಿಲು-ಗಾಳಿಯ ಕರೆಂಟಿಗೆ ಹೋಗುವ ದಾರಿಯ ಖರ್ಚು ಯಾರು ಕೊಡಬೇಕು? 160 ವರ್ಷಕ್ಕೂ ಹಿಂದೆ ಗೊತ್ತಾಗಿಯೂ ಉರಿಸುತ್ತಾ ಬಂದವರೋ, ನಿನ್ನೆ ಮೊನ್ನೆ ಒಲೆ ಹಚ್ಚಿದವರೋ?

2000ದಲ್ಲಿ ಬ್ರಿಟನ್ನಿನಲ್ಲಿ ಹವಾಮಾನ ಸಂಶೋಧನೆಗೆಂದು ಶುರುವಾದ ಕೇಂದ್ರಕ್ಕೆ ಟಿಂಡಾಲ್ ಹೆಸರಿಟ್ಟರು. ಗೌರವ ಸಿಕ್ಕಿತು. ಆದರೆ ಆತನ ಬದುಕು ಹೇಳುವ ಪಾಠ ಗೌರವದ್ದಲ್ಲ. ಪ್ರಯೋಗಾಲಯದಲ್ಲಿ ಮುಳ್ಳು ತಿರುಗಿದ್ದು 1859ರಲ್ಲಿ. ನಿಜ ಗೊತ್ತಾದ ಮಾತ್ರಕ್ಕೆ ಅದು ತಾನಾಗಿ ಕಾನೂನಾಗಲ್ಲ, ಬಜೆಟ್ ಆಗಲ್ಲ, ನ್ಯಾಯವೂ ಆಗಲ್ಲ. ಅದನ್ನು ಹಾಗೆ ಮಾಡುವ ಕೆಲಸ ಲ್ಯಾಬಿನದ್ದಲ್ಲ. ಪ್ರೆಸ್ಟನ್‌ನಲ್ಲಿ ಕೆಲಸ ಹೋದರೂ ಪರವಾಗಿಲ್ಲ ಅಂತ ಸಹೋದ್ಯೋಗಿಗಳ ಜೊತೆ ನಿಂತ ಆ ಸರ್ವೆ ಹುಡುಗನಿಗೆ ಇದು ಗೊತ್ತಿತ್ತು. ಪ್ರೊಫೆಸರ್ ಟಿಂಡಾಲ್‌ಗೆ ಅದು ಮರೆತುಹೋಗಿತ್ತು.